ಕಥೆಗಾರರ ಮನೆಗೆ ತಕ್ಕ ತಂತ್ರಾಂಶ

ಕಥೆ ಬರೆಯುವ ಹವ್ಯಾಸವು ಈಗ ಪಟ್ಟಣದ ವಿದ್ವಾಂಸರ ಸೊತ್ತಾಗಿ ಮಾತ್ರ ಉಳಿದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ, ತೋಟದ ಕೆಲಸವನ್ನು ಮುಗಿಸಿ ಬಂದ ಗೃಹಸ್ಥನೂ, ಪಾಠಶಾಲೆಯಿಂದ ಹಿಂದಿರುಗಿದ ಉಪಾಧ್ಯಾಯಿನಿಯೂ, ಮನೆವಾರ್ತೆಯ ನಡುವೆ ಒಂದು ಗಳಿಗೆ ಬಿಡುವು ಮಾಡಿಕೊಂಡ ಗೃಹಿಣಿಯೂ ಸಣ್ಣಕಥೆಯನ್ನೋ ಕಾದಂಬರಿಯನ್ನೋ ಬರೆಯಲು ಕುಳಿತುಕೊಳ್ಳುವುದುಂಟು. ಬರಹವು ಈ ಸೀಮೆಗೆ ಹೊಸತಲ್ಲ. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ೧೮೮೪ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ತೀ. ನಂ. ಶ್ರೀಕಂಠಯ್ಯನವರು ೧೯೦೬ರಲ್ಲಿ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಅವರ ಕಾಲದಲ್ಲಿ ಹಸ್ತಪ್ರತಿಯೆಂದರೆ ಕಾಗದದ ಮೇಲೆ ಮಸಿಯಿಂದ ಬರೆದದ್ದು. ಅದನ್ನು ಓದಲು ಕಣ್ಣೂ ಬೆಳಕೂ ಇದ್ದರೆ ಸಾಕಾಗಿತ್ತು. ಈಗಿನ ಹಸ್ತಪ್ರತಿಯು ಗಣಕಯಂತ್ರದೊಳಗೆ ಇರತಕ್ಕದ್ದು; ಅದನ್ನು ಓದಬೇಕಾದರೆ ಕಣ್ಣು ಬೆಳಕುಗಳ ಜೊತೆಗೆ ತಂತ್ರಾಂಶವೊಂದು ಬೇಕು.

ಹೀಗಿರಲಾಗಿ, ಯಾವ ತಂತ್ರಾಂಶವನ್ನು ಇಟ್ಟುಕೊಳ್ಳುವುದು, ಅದಕ್ಕೆ ಎಷ್ಟು ಹಣವನ್ನು ತೆರುವುದು ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಕೊಬ್ಬರಿಯ ಧಾರಣೆ ಏರಿದ ವರ್ಷ ಕೈಬಿಚ್ಚಿಯೂ ಇಳಿದ ವರ್ಷ ಕೈಹಿಡಿದೂ ಸಂಸಾರವನ್ನು ಸಾಗಿಸುವ ಮನೆಗಳಲ್ಲಿ, ವರ್ಷವರ್ಷವೂ ತಪ್ಪದೆ ಸಲ್ಲಿಸಬೇಕಾದ ಬಾಡಿಗೆಯು ಸಣ್ಣದಾದರೂ ಹೊರೆಯೇ ಸರಿ. ಸಂತೋಷದ ಸಂಗತಿಯೇನೆಂದರೆ, ಒಂದು ಕಾಸನ್ನೂ ಕೊಡದೆ ನ್ಯಾಯವಾಗಿಯೇ ಪಡೆಯಬಹುದಾದ ಉತ್ತಮ ಸಾಧನಗಳು ಈಗ ಬೇಕಾದಷ್ಟು ಉಂಟು. ಆದರೆ ಬೆಲೆಯ ಪ್ರಶ್ನೆಯು ಎರಡನೆಯದು. ಮೊದಲು ಕೇಳಬೇಕಾದುದು ಬೇರೊಂದು: ಇಂದು ಬರೆದ ಕಥೆಯು ಇಪ್ಪತ್ತು ವರ್ಷಗಳ ಮೇಲೆ, ಬೇರೊಬ್ಬರ ಯಂತ್ರದಲ್ಲಿ, ಬರೆದಂತೆಯೇ ತೆರೆದುಕೊಳ್ಳುವುದೇ? ಇದಕ್ಕೆ ಹೌದೆಂದು ಉತ್ತರ ಕೊಡಲಾರದ ಸಾಧನವು ಪುಕ್ಕಟೆಯಾಗಿ ಬಂದರೂ ದುಬಾರಿಯೇ.

ಈ ಪ್ರಶ್ನೆಗೆ ಏಕೆ ಅಗ್ರಸ್ಥಾನವೆಂಬುದು ತಿಳಿಯಬೇಕಾದರೆ, ಕನ್ನಡವು ಗಣಕಯಂತ್ರವನ್ನು ಹೊಕ್ಕ ಬಗೆಯನ್ನು ಸ್ವಲ್ಪ ನೋಡಬೇಕು. ಯಂತ್ರವು ಅಕ್ಷರವನ್ನು ಅರಿಯದು, ಅಂಕಿಯನ್ನು ಮಾತ್ರ ಅರಿಯುವುದು. ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿಯನ್ನು ಗೊತ್ತುಮಾಡಿಕೊಟ್ಟರೆ ಆ ಅಂಕಿಗಳ ಸಾಲನ್ನೇ ಅದು ಬರಹವೆಂದು ಕಾಪಾಡುತ್ತದೆ. ಮೊದಮೊದಲು ಸಾಮಾನ್ಯ ಯಂತ್ರಗಳಲ್ಲಿ ರೋಮನ್ ಲಿಪಿಗೆ ಇಂತಹ ಏರ್ಪಾಡಿತ್ತೇ ಹೊರತು ನಮ್ಮ ಲಿಪಿಗೆ ಇರಲಿಲ್ಲ. ಆದಕಾರಣ ಕನ್ನಡವನ್ನು ಬರೆಯಬಯಸಿದವರು ಒಂದು ಉಪಾಯವನ್ನು ಹೂಡಿದರು. ರೋಮನ್ ಅಕ್ಷರಗಳಿಗೆ ಸಂದ ಅಂಕಿಗಳನ್ನೇ ಇಟ್ಟುಕೊಂಡು, ಆ ಅಕ್ಷರಗಳ ಚಿತ್ರವಿರಬೇಕಾದ ಸ್ಥಾನದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಗುಡಿಸು, ಒತ್ತು ಮೊದಲಾದ ತುಂಡುಗಳನ್ನು ಇರಿಸಿದ ಫಾಂಟುಗಳನ್ನು ರಚಿಸಿದರು. ಪರದೆಯ ಮೇಲೆ ಕಾಣುತ್ತಿದ್ದುದು ಕನ್ನಡ. ಒಳಗೆ ಇದ್ದುದು ರೋಮನ್.

ಈ ಕಾರ್ಯದಲ್ಲಿ ದುಡಿದವರ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. ಕೆ. ಪಿ. ರಾಯರು ನಮ್ಮ ವರ್ಣಮಾಲೆಯ ತರ್ಕವನ್ನು ಅನುಸರಿಸಿಯೇ ಒಂದು ಕೀಲಿಮಣೆಯ ವಿನ್ಯಾಸವನ್ನು ಕಲ್ಪಿಸಿದರು. ಶೇಷಾದ್ರಿವಾಸು ಅವರ ‘ಬರಹ’ವು ೧೯೯೮ರಲ್ಲಿ ಹೊರಬಂದು, ದೇಶಾಂತರದಲ್ಲಿದ್ದ ಕನ್ನಡಿಗರ ಕೈಗೂ ಕನ್ನಡದ ಬರವಣಿಗೆಯನ್ನು ಕೊಟ್ಟಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯು ಈ ಶತಮಾನದ ಮೊದಲ ವರ್ಷಗಳಿಂದ ಸರ್ಕಾರಿ ಕಚೇರಿಗಳಲ್ಲಿಯೂ ಊರೂರ ಬೆರಳಚ್ಚಿನ ಅಂಗಡಿಗಳಲ್ಲಿಯೂ ನೆಲೆಗೊಂಡಿತು, ಅದು ಸಾರ್ವಜನಿಕರಿಗೆ ಉಚಿತವಾಗಿಯೇ ದೊರೆಯಿತು. ಮೂಡಿಗೆರೆಯ ತೋಟದಲ್ಲಿ ಕೃಷಿ ಮಾಡಿಕೊಂಡು ಕಥೆ ಕಾದಂಬರಿಗಳನ್ನು ಬರೆದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು, ೨೦೦೭ರಲ್ಲಿ ತೀರಿಕೊಳ್ಳುವ ಮುನ್ನಿನ ತಮ್ಮ ಕಡೆಯ ವರ್ಷಗಳಲ್ಲಿ, ಕನ್ನಡ ತಂತ್ರಾಂಶದ ಅಭಿವೃದ್ಧಿಗಾಗಿ ಪಟ್ಟ ಶ್ರಮವನ್ನು ಬಲ್ಲವರು ಬಲ್ಲರು. ತೋಟಗಾರನೂ ಕಥೆಗಾರನೂ ಆದವನಿಗೆ ಈ ವಿಷಯವು ಏಕೆ ಮುಖ್ಯವೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಉಪಾಯದ ಫಾಂಟುಗಳಲ್ಲಿ ಒಂದು ಕುಂದು ಉಳಿದಿತ್ತು. ಯಾವ ಫಾಂಟಿನಲ್ಲಿ ಬರೆದಿತ್ತೋ ಅದೇ ಫಾಂಟು ಇಲ್ಲದ ಯಂತ್ರದಲ್ಲಿ ಆ ಕಥೆಯನ್ನು ತೆರೆದರೆ, ಪುಟದ ತುಂಬ ತಲೆಯ ಮೇಲೆ ಗೆರೆ ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳು ಕಾಣುತ್ತವೆಯೇ ಹೊರತು ಕನ್ನಡದ ಒಂದು ಅಕ್ಷರವೂ ಕಾಣದು. ಒಂದು ತಂತ್ರಾಂಶದ ಒಳಗಿನ ಏರ್ಪಾಡು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಊರಿಗೊಂದು ಸೇರು, ಸಂತೆಗೊಂದು ಮಣ ಇದ್ದ ಕಾಲದಲ್ಲಿ ವ್ಯಾಪಾರಿಗಳಿಗೆ ಆಗುತ್ತಿದ್ದ ತೊಡಕೇ ಇಲ್ಲಿ ಬರಹಗಾರರಿಗೆ ಆಯಿತು. ತೂಕ ಅಳತೆಗಳ ವಿಷಯದಲ್ಲಿ ೧೯೫೬ರ ಕಾಯಿದೆಯು ಇಡೀ ದೇಶಕ್ಕೆ ಒಂದೇ ಮಾನವನ್ನು ಗೊತ್ತುಮಾಡಿದ ಮೇಲೆ ತಿಪಟೂರಿನ ಕ್ವಿಂಟಲೂ ದೆಹಲಿಯ ಕ್ವಿಂಟಲೂ ಒಂದೇ ಆದವು. ಅಕ್ಷರಗಳ ವಿಷಯದಲ್ಲಿ ಅಂತಹ ಒಂದೇ ಮಾನವೇ ಯೂನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಬೇರೆಬೇರೆ ಅಂಕಿಗಳನ್ನು ಗೊತ್ತುಮಾಡುವ ಈ ಏರ್ಪಾಡಿನಲ್ಲಿ, ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಪಾಲು ಮೀಸಲಾಗಿದೆ. ಯೂನಿಕೋಡಿನಲ್ಲಿ ಬರೆದ ಕಥೆಯು ತಿಪಟೂರಿನಲ್ಲಿಯೂ ಕಾಸರಗೋಡಿನಲ್ಲಿಯೂ ಅಮೆರಿಕದಲ್ಲಿಯೂ, ಗಣಕದಲ್ಲಿಯೂ ಮೊಬೈಲ್ ಫೋನಿನಲ್ಲಿಯೂ, ಕನ್ನಡವಾಗಿಯೇ ಕಾಣುವುದು. ಫಾಂಟು ಬದಲಾದರೆ ಅಕ್ಷರದ ಅಂದ ಬದಲಾದೀತೇ ಹೊರತು ಅಕ್ಷರವೇ ಬದಲಾಗದು.

ಆದುದರಿಂದ ಮೊದಲನೆಯ ನಿಯಮವು ಇದು: ಬರೆಯುವುದೆಲ್ಲವನ್ನೂ ಯೂನಿಕೋಡಿನಲ್ಲಿಯೇ ಬರೆಯತಕ್ಕದ್ದು. ‘ನುಡಿ’, ‘ಬರಹ’ ಎರಡರ ಈಚಿನ ಆವೃತ್ತಿಗಳಲ್ಲಿಯೂ ಈ ಅನುಕೂಲವುಂಟು. ಆದರೆ ಹಳೆಯ ಪದ್ಧತಿಯೂ ಪಕ್ಕದಲ್ಲಿಯೇ ಇರುವುದರಿಂದ, ಯಾವುದನ್ನು ಆರಿಸಿದ್ದೇವೆಂಬುದನ್ನು ನೋಡಿಕೊಳ್ಳಬೇಕು. ಪರೀಕ್ಷಿಸುವ ಬಗೆ ಸುಲಭ. ಬರೆದ ಒಂದು ಸಾಲನ್ನು ನಕಲು ಮಾಡಿ ಮೊಬೈಲಿನ ಸಂದೇಶವಾಗಿ ಮನೆಯವರಿಗೆ ಕಳುಹಿಸಿರಿ. ಅಲ್ಲಿ ಕನ್ನಡವಾಗಿ ಕಂಡರೆ ಯೂನಿಕೋಡ್; ಗೆರೆ ಹೊತ್ತ ರೋಮನ್ ಆಗಿ ಕಂಡರೆ ಹಳೆಯ ಪದ್ಧತಿ.

ಎರಡನೆಯದು ಬೆರಳಿನ ವಿಷಯ. ಕೀಲಿಮಣೆಯ ವಿನ್ಯಾಸಗಳು ಮುಖ್ಯವಾಗಿ ಮೂರು. ಕೆ. ಪಿ. ರಾಯರ ವಿನ್ಯಾಸದಲ್ಲಿ ಒಂದು ವ್ಯಂಜನಕ್ಕೆ ಒಂದೇ ಒತ್ತು. ‘ಎಫ್’ ಕೀಲಿಯು ಒತ್ತಕ್ಷರವನ್ನು ಕೂಡಿಸುವುದು. ನುಡಿಯಲ್ಲಿರುವುದು ಇದೇ, ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆಯಲ್ಲಿಯೂ ‘ಕಗಪ’ವೆಂಬ ಹೆಸರಿನಿಂದ ಇದು ಒಳಗೇ ಇರುವುದು. ‘ಬರಹ’ದ ಪದ್ಧತಿಯಲ್ಲಿ ಉಚ್ಚಾರಣೆಯನ್ನು ರೋಮನ್ ಅಕ್ಷರಗಳಲ್ಲಿ ಒತ್ತಿದರೆ ಕನ್ನಡ ಮೂಡುವುದು, ಇಂಗ್ಲಿಷ್ ಕೀಲಿಮಣೆ ಬಲ್ಲವರಿಗೆ ಒಂದು ದಿನದಲ್ಲಿಯೇ ಕೈವಶವಾಗುತ್ತದೆ. ಭಾರತ ಸರ್ಕಾರವು ಒಪ್ಪಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳೆಲ್ಲ ಎಡಗೈಗೂ ವ್ಯಂಜನಗಳು ಬಹುಮಟ್ಟಿಗೆ ಬಲಗೈಗೂ ಬರುತ್ತವೆ. ಅದು ವಿಂಡೋಸಿನ ಒಳಗೇ ಇರುವುದು. ಇವುಗಳಲ್ಲಿ ಯಾವುದು ಮೇಲೆಂಬ ವಾದವು ವ್ಯರ್ಥ. ಕಾದಂಬರಿಯೆಂದರೆ ಲಕ್ಷಾಂತರ ಒತ್ತುಗಳು. ಯಾವುದಾದರೊಂದನ್ನು ಹಿಡಿದು ಒಂದು ತಿಂಗಳು ಬಿಡದೆ ಅಭ್ಯಾಸ ಮಾಡುವವನಿಗೆ ಬೆರಳುಗಳು ತಾವಾಗಿಯೇ ನಡೆಯುತ್ತವೆ.

ಇನ್ನು ಕಥೆಯನ್ನು ಬರೆದಿಡುವ ಸಾಧನಗಳು. ಬಹು ಮನೆಗಳಿಗೆ ‘ಲಿಬ್ರೆ ಆಫೀಸ್’ ಒಂದೇ ಸಾಕು. ೨೦೧೦ರಲ್ಲಿ ಆರಂಭವಾದ ಈ ಯೋಜನೆಯನ್ನು ಅನೇಕ ದೇಶಗಳ ತಂತ್ರಜ್ಞರು ಕೂಡಿ ನಡೆಸುತ್ತಾರೆ. ಇದಕ್ಕೆ ಬೆಲೆಯಿಲ್ಲ, ಬಾಡಿಗೆಯಿಲ್ಲ, ಜಾಲಸಂಪರ್ಕವಿಲ್ಲದೆಯೂ ನಡೆಯುವುದು. ಇದು ಬರಹವನ್ನು ಕಾಪಾಡುವ ಕಡತದ ರೂಪವು ೨೦೦೬ರಲ್ಲಿ ಅಂತಾರಾಷ್ಟ್ರೀಯ ಮಾನವೆಂದು ಅಂಗೀಕೃತವಾಗಿರುವುದರಿಂದ, ಒಬ್ಬ ವ್ಯಾಪಾರಿಯು ಅಂಗಡಿಯನ್ನು ಮುಚ್ಚಿದನೆಂದು ಕಥೆಯು ಬೀಗದೊಳಗೆ ಉಳಿಯುವ ಭಯವಿಲ್ಲ. ಗೂಗಲ್ ಸಂಸ್ಥೆಯ ‘ಡಾಕ್ಸ್’ ಕೂಡ ಹಣವಿಲ್ಲದೆ ದೊರೆಯುವುದು. ಒಂದು ಖಾತೆಗೆ ೧೫ ಗಿಗಾಬೈಟಿನಷ್ಟು ಸ್ಥಳವಿರುವುದರಿಂದ ಒಬ್ಬರ ಜೀವಮಾನದ ಕಥೆಗಳೆಲ್ಲ ಅಲ್ಲಿ ಸುಖವಾಗಿ ಹಿಡಿಸುತ್ತವೆ. ಯಂತ್ರವು ಕೆಟ್ಟರೂ ಬರಹವು ಉಳಿಯುವುದೆಂಬುದು ಅದರ ಗುಣ. ಖಾತೆಯ ಗುಪ್ತಪದವು ಮರೆತುಹೋದರೆ ಎಲ್ಲವೂ ಕೈತಪ್ಪಬಹುದೆಂಬುದು ಅದರ ದೋಷ. ಮೈಕ್ರೋಸಾಫ್ಟಿನ ‘ವರ್ಡ್’ ಉತ್ತಮವಾದುದೇ ಆದರೂ, ವರ್ಷದ ಬಾಡಿಗೆಯ ಮೇಲೆ ಪಡೆದವರಿಗೆ ಬಾಡಿಗೆ ನಿಂತೊಡನೆ ಓದಲು ಮಾತ್ರ ಬಂದು ತಿದ್ದಲು ಬಾರದಂತಾಗುವುದು. ಕದ್ದ ಪ್ರತಿಯನ್ನು ಹಾಕಿಸಿಕೊಳ್ಳುವ ಅಭ್ಯಾಸವು ನಮ್ಮಲ್ಲಿ ಉಂಟು. ಅಂತಹ ಪ್ರತಿಗಳ ಜೊತೆಯಲ್ಲಿ ಕಡತಗಳನ್ನು ಹಾಳುಮಾಡುವ ಕೀಟಗಳು ಬರಬಹುದಾದ್ದರಿಂದ, ನ್ಯಾಯದ ಮಾತು ಒತ್ತಟ್ಟಿಗಿರಲಿ, ಲಾಭದ ದೃಷ್ಟಿಯಿಂದಲೂ ಅದು ಸಲ್ಲದು.

ಕಾದಂಬರಿಕಾರರಿಗೆಂದೇ ರಚಿಸಿದ ತಂತ್ರಾಂಶಗಳೂ ಕೆಲವುಂಟು. ೨೦೦೭ರಲ್ಲಿ ಬಂದ ‘ಸ್ಕ್ರಿವೆನರ್’ ಇವುಗಳಲ್ಲಿ ಹೆಸರಾದುದು. ಅಧ್ಯಾಯಗಳನ್ನು ಬಿಡಿಬಿಡಿಯಾಗಿ ಬರೆದು, ಎಲೆಗಳನ್ನು ಜೋಡಿಸುವಂತೆ ಮುಂದುಹಿಂದು ಮಾಡುವ ಸೌಕರ್ಯ ಇದರದು. ಬಾಡಿಗೆಯಲ್ಲ, ಒಂದೇ ಬಾರಿಯ ಕ್ರಯ. ಸುಮಾರು ೬೦ ಡಾಲರು. ಕೊಳ್ಳುವ ಮೊದಲು ೩೦ ದಿನ ಪರೀಕ್ಷಿಸಲು ಬಿಡುತ್ತಾರೆ. ಆಸ್ಟ್ರೇಲಿಯದ ಕಾದಂಬರಿಕಾರ ಸೈಮನ್ ಹೇನ್ಸ್ ತಮ್ಮ ಬಳಕೆಗೆಂದು ರಚಿಸಿಕೊಂಡ ‘ವೈ ರೈಟರ್’ ಅಂತಹುದೇ ಕೆಲಸವನ್ನು ಹಣವಿಲ್ಲದೆ ಮಾಡುವುದು. ‘ಮಾನುಸ್ಕ್ರಿಪ್ಟ್’, ‘ನಾವೆಲ್ ರೈಟರ್’ ಎಂಬವುಗಳು ಉಚಿತವಷ್ಟೇ ಅಲ್ಲ, ಅವುಗಳ ಒಳರಚನೆಯೂ ಎಲ್ಲರಿಗೆ ತೆರೆದದ್ದು. ಆದರೆ ಇವೆಲ್ಲ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಕೊಳ್ಳುವುದಿರಲಿ, ಉಚಿತವಾಗಿ ಇಟ್ಟುಕೊಳ್ಳುವುದಿರಲಿ, ಮೊದಲು ಕನ್ನಡದ ಪರೀಕ್ಷೆಯನ್ನು ಒಡ್ಡತಕ್ಕದ್ದು. ಸ್ತ್ರೀ, ರಾಷ್ಟ್ರ, ಅರ್ಘ್ಯ, ಕ್ರೌರ್ಯ, ಸೌಂದರ್ಯ, ರ‍್ಯಾಂಕು ಎಂಬ ಆರು ಪದಗಳನ್ನು ಬರೆಯಿರಿ. ಒತ್ತು ತನ್ನ ಸ್ಥಾನದಲ್ಲಿ ನಿಂತಿದೆಯೇ? ಅರ್ಕಾವತ್ತು ಬರಬೇಕಾದಲ್ಲಿ ಬಂದು, ಕಡೆಯ ಪದದಲ್ಲಿ ಬಾರದೆ ಇದೆಯೇ? ಅಕ್ಷರದ ಬದಲು ಚುಕ್ಕೆಯ ವೃತ್ತವೇನಾದರೂ ಕಾಣುತ್ತಿದೆಯೇ? ಬಳಿಕ ಕಡತವನ್ನು ಮುಚ್ಚಿ ಮತ್ತೆ ತೆರೆದು, ಅದನ್ನೇ ಲಿಬ್ರೆ ಆಫೀಸಿಗೆ ಸಾಗಿಸಿ ನೋಡಿರಿ. ಈ ಪರೀಕ್ಷೆಯಲ್ಲಿ ಸೋತ ಸಾಧನವು ಇಂಗ್ಲಿಷಿನಲ್ಲಿ ಎಷ್ಟೇ ಹೊಗಳಿಕೆಯನ್ನು ಪಡೆದಿದ್ದರೂ ನಮಗೆ ತಕ್ಕದ್ದಲ್ಲ.

ಅಧ್ಯಾಯಗಳ ಜೋಡಣೆಗಾಗಿ ಹೊಸ ತಂತ್ರಾಂಶವನ್ನು ಹುಡುಕಲೇಬೇಕೆಂಬ ನಿಯಮವೂ ಇಲ್ಲ. ಲಿಬ್ರೆ ಆಫೀಸಿನಲ್ಲಿ ಪ್ರತಿಯೊಂದು ಅಧ್ಯಾಯದ ಹೆಸರಿಗೂ ‘ಶೀರ್ಷಿಕೆ’ಯ ಶೈಲಿಯನ್ನು ಕೊಟ್ಟು, ‘ಎಫ್ ೫’ ಕೀಲಿಯನ್ನು ಒತ್ತಿದರೆ ಅಧ್ಯಾಯಗಳ ಪಟ್ಟಿಯು ಮಗ್ಗುಲಲ್ಲಿ ತೆರೆಯುವುದು. ಪಟ್ಟಿಯಲ್ಲಿ ಹೆಸರನ್ನು ಮೇಲೆ ಕೆಳಗೆ ಸರಿಸಿದರೆ ಇಡೀ ಅಧ್ಯಾಯವೇ ಸರಿಯುತ್ತದೆ. ಐದನೆಯ ಅಧ್ಯಾಯದ ಮದುವೆಯು ಮೂರನೆಯದರಲ್ಲಿ ಬಂದರೆ ಚೆನ್ನೆಂದು ತೋರಿದವರಿಗೆ ಇಷ್ಟು ಸಾಕು. ಪಾತ್ರಗಳ ಹೆಸರು, ವಯಸ್ಸು, ನಂಟು, ಊರು ಇವುಗಳನ್ನು ಬೇರೊಂದು ಕಡತದಲ್ಲಿ ಬರೆದಿಟ್ಟುಕೊಂಡರೆ, ಮೊದಲಲ್ಲಿ ಚಿಕ್ಕಪ್ಪನಾದವನು ಕೊನೆಯಲ್ಲಿ ಸೋದರಮಾವನಾಗುವ ಪ್ರಮಾದ ತಪ್ಪುತ್ತದೆ.

ಕಾಗುಣಿತವನ್ನು ಪರೀಕ್ಷಿಸುವ ಸೌಕರ್ಯದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಕನ್ನಡದಲ್ಲಿ ಒಂದು ನಾಮಪದವು ವಿಭಕ್ತಿ, ವಚನ, ಸಂಧಿಗಳಿಂದ ಹತ್ತಾರು ರೂಪಗಳನ್ನು ತಾಳುವುದರಿಂದ, ಪದಗಳ ಪಟ್ಟಿಯನ್ನು ನಂಬಿದ ಯಂತ್ರವು ಸರಿಯಾದುದನ್ನೂ ತಪ್ಪೆಂದು ಕೆಂಪು ಗೆರೆ ಎಳೆಯುತ್ತದೆ. ಆಡುಮಾತಿನ ಸಂಭಾಷಣೆಯಂತೂ ಅದಕ್ಕೆ ಪೂರ್ತಿ ಅಪರಿಚಿತ. ‘ಬಂದವ್ನೆ’, ‘ಒಂಟೋದ್ಲು’ ಎಂದು ಪಾತ್ರವು ನುಡಿದರೆ ಸಾಲಿಗೆ ಸಾಲೇ ಕೆಂಪಾಗುತ್ತದೆ. ಹೊಂಬಾಳೆ, ಕುರುಂಬೆ, ಸೋಗೆ ಮುಂತಾದ ತೋಟದ ಮಾತುಗಳನ್ನೂ ಅದು ಅನುಮಾನದಿಂದಲೇ ನೋಡೀತು. ಯಂತ್ರದ ಅಂಜಿಕೆಯಿಂದ ಊರಿನ ಮಾತನ್ನು ಪುಸ್ತಕದ ಮಾತಾಗಿ ತಿದ್ದುವುದು ಕಥೆಗೆ ಮಾಡುವ ಅನ್ಯಾಯ. ಕಥೆ ಮುಗಿಯುವವರೆಗೆ ಆ ಗೆರೆಯನ್ನು ಆರಿಸಿಡುವುದು ಲೇಸು. ದನಿಯಿಂದ ಬರೆಯಿಸುವ ಸೌಕರ್ಯವೂ ೨೦೧೭ರಿಂದ ಮೊಬೈಲ್ ಫೋನುಗಳಲ್ಲಿ ಕನ್ನಡಕ್ಕೆ ದೊರೆತಿದೆ. ಕೀಲಿ ಒತ್ತಲಾರದ ವೃದ್ಧರಿಗೆ ಅದು ದೊಡ್ಡ ಆಸರೆ. ಆದರೆ ಅದು ಬರೆದುದನ್ನು ಓದಿ ತಿದ್ದದೆ ನಂಬತಕ್ಕದ್ದಲ್ಲ.

ಕಾಪಾಡುವ ಬಗೆಯನ್ನು ಈ ಸೀಮೆಯವರಿಗೆ ಬೇರೆಯವರು ಕಲಿಸಬೇಕಾದುದಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷವೇ ಕಾದು, ಒಳಗಿನ ನೀರು ಇಂಗಿ ಕೊಬ್ಬರಿಯು ಚಿಪ್ಪನ್ನು ಬಿಟ್ಟು ಗುಡುಗುಡನೆ ಸದ್ದು ಮಾಡುವವರೆಗೆ ಸುಲಿಯದೆ ಇರುವ ತಾಳ್ಮೆಯಿಂದಲೇ ತಿಪಟೂರಿನ ಉಂಡೆ ಕೊಬ್ಬರಿಗೆ ದೇಶದಲ್ಲೆಲ್ಲ ಹೆಸರು ಬಂದಿದೆ. ಅಟ್ಟಕ್ಕೇರಿಸಿದವರು ಕಾಯಿಯನ್ನು ಮರೆಯುವುದಿಲ್ಲ. ಆಗಾಗ ಹತ್ತಿ ನೋಡುತ್ತಾರೆ. ಕಡತಕ್ಕೂ ಅದೇ ಆರೈಕೆ ಸಲ್ಲಬೇಕು. ಒಂದು ಪ್ರತಿ ಯಂತ್ರದಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಅಂತರ್ಜಾಲದ ಖಾತೆಯಲ್ಲಿ, ಹೀಗೆ ಮೂರು ಪ್ರತಿಗಳಿರಲಿ. ತಿಂಗಳಿಗೊಮ್ಮೆ ಬರಹವನ್ನು ಯಾವ ಅಲಂಕಾರವೂ ಇಲ್ಲದ ಸರಳ ಪಠ್ಯವಾಗಿಯೂ ಉಳಿಸಿ, ಕಡತದ ಹೆಸರಿನಲ್ಲಿ ದಿನಾಂಕವನ್ನು ನಮೂದಿಸಿರಿ. ಸರಳ ಪಠ್ಯವನ್ನು ತೆರೆಯಲಾರದ ಯಂತ್ರವಿಲ್ಲ. ಮುಗಿದ ಕಥೆಯನ್ನು ಕಾಗದದ ಮೇಲೆ ಒಮ್ಮೆ ಮುದ್ರಿಸಿಟ್ಟರೆ, ವಿದ್ಯುತ್ತಿನ ಹಂಗಿಲ್ಲದ ನಾಲ್ಕನೆಯ ಪ್ರತಿಯೂ ಆಯಿತು.

ಮುದ್ರಣಾಲಯದವರು ಈಗಲೂ ಕೆಲವೆಡೆ ಹಳೆಯ ಪದ್ಧತಿಯ ‘ನುಡಿ’ ಕಡತವನ್ನೇ ಕೇಳುವುದುಂಟು. ಪುಟ ಕಟ್ಟುವ ಅವರ ಹಳೆಯ ತಂತ್ರಾಂಶವು ಯೂನಿಕೋಡನ್ನು ಅರಿಯದಿರುವುದೇ ಇದಕ್ಕೆ ಕಾರಣ. ಅದಕ್ಕಾಗಿ ಮೂಲವನ್ನು ಬದಲಿಸಬೇಕಾದುದಿಲ್ಲ. ಪರಿವರ್ತಕದ ಮೂಲಕ ಅವರಿಗೊಂದು ಪ್ರತಿಯನ್ನು ಮಾಡಿಕೊಟ್ಟು, ಯೂನಿಕೋಡಿನ ಮೂಲವನ್ನು ಮನೆಯಲ್ಲಿಯೇ ಇಟ್ಟುಕೊಳ್ಳತಕ್ಕದ್ದು.

ಒಟ್ಟಿನಲ್ಲಿ ಹೇಳುವುದಾದರೆ, ಗಣಕಯಂತ್ರವಿರುವ ಮನೆಗೆ ಲಿಬ್ರೆ ಆಫೀಸ್, ತಮಗೊಗ್ಗಿದ ಒಂದು ಕೀಲಿಮಣೆ, ಗುಬ್ಬಿ ನವಿಲುಗಳೆಂಬ ಹೆಸರಿನ ಅಥವಾ ನೋಟೋ ವರ್ಗದ ಒಂದು ಉಚಿತ ಫಾಂಟು, ಇಷ್ಟಿದ್ದರೆ ಸಾಕು, ಖರ್ಚು ಸೊನ್ನೆ. ಮೊಬೈಲ್ ಮಾತ್ರವಿರುವ ಮನೆಗೆ ಗೂಗಲ್ ಡಾಕ್ಸ್ ಸಾಕು. ವಾರಕ್ಕೊಮ್ಮೆ ಪ್ರತಿಯನ್ನು ಕೆಳಗಿಳಿಸಿಕೊಳ್ಳುವ ನಿಯಮವಿರಲಿ. ದೊಡ್ಡ ಕಾದಂಬರಿಯನ್ನು ಹಿಡಿದು, ಅಧ್ಯಾಯಗಳ ಕಾಡಿನಲ್ಲಿ ದಾರಿ ತಪ್ಪಿದವರು ವೈ ರೈಟರ್ ಮೊದಲಾದ ಉಚಿತ ಸಾಧನಗಳನ್ನು ನೋಡಿ, ಅವು ಸಾಲವೆಂದಾದ ಮೇಲೆಯೇ ಹಣ ಕೊಟ್ಟು ಕೊಳ್ಳುವ ಯೋಚನೆಯನ್ನು ಮಾಡಲಿ.

ಹೊಸದಾಗಿ ಬರೆಯುವವರ ಮಾತು ಇಷ್ಟಾಯಿತು. ಆದರೆ ೧೯೯೮ರಿಂದ ಈಚಿನ ಹತ್ತು ಹನ್ನೆರಡು ವರ್ಷಗಳಲ್ಲಿ ಹಳೆಯ ಫಾಂಟುಗಳಲ್ಲಿ ಬರೆದ ಕಥೆಗಳು ಎಷ್ಟೋ ಮನೆಗಳ ಕಪಾಟಿನಲ್ಲಿ ಸಿ.ಡಿ.ಗಳ ರೂಪದಲ್ಲಿ ಕುಳಿತಿರುತ್ತವೆ. ಸಿ.ಡಿ.ಯು ಕಾಲಕ್ರಮದಲ್ಲಿ ಕೆಡುವ ವಸ್ತು. ಅದನ್ನು ಓದುವ ಸಾಧನವು ಹೊಸ ಯಂತ್ರಗಳಲ್ಲಿ ಬಹುಮಟ್ಟಿಗೆ ಇಲ್ಲ. ಅಂತಹ ಕಡತಗಳನ್ನು ಮೊದಲು ಹಾಗೆಯೇ ನಕಲು ಮಾಡಿ, ಮೂಲವನ್ನು ಮುಟ್ಟದೆ, ನಕಲನ್ನು ನುಡಿಯ ಅಥವಾ ಬರಹದ ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಬೇಕು. ತಿರುಗಿಸಿದ ಪ್ರತಿಯಲ್ಲಿ ಅರ್ಕಾವತ್ತುಗಳು ಸ್ಥಾನ ತಪ್ಪಿರಬಹುದು. ನಡುನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿ ಮಾರ್ಪಟ್ಟಿರಬಹುದು. ಇವುಗಳನ್ನು ತಿದ್ದಲು, ಅಲ್ಲಿ ಏನಿತ್ತೆಂಬುದನ್ನು ಬಲ್ಲವರು ಬೇಕು. ಅದನ್ನು ಬಲ್ಲವರು ಬರೆದವರೇ. ತಂದೆಯೋ ಅತ್ತೆಯೋ ಹಿಂದೊಮ್ಮೆ ಬರೆದ ಕಥೆಯು ಮನೆಯಲ್ಲಿದ್ದರೆ, ತಂತ್ರಾಂಶದ ಆಯ್ಕೆಯನ್ನು ಮುಂದಿನ ವಾರಕ್ಕೆ ಇಟ್ಟು, ಈ ಭಾನುವಾರ ಆ ಸಿ.ಡಿ.ಯನ್ನು ಹೊರತೆಗೆದು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಬೇಕು.